ಕೀಲಿಗೆ ಬಗ್ಗದ ಎಂಜಿನ್

ನಾನೊಂದು ಪೆಟ್ರೋಲ್ ಕಾರು. ಕೀಲಿ ತಿರುವಿದೊಡನೆ ತೆಪ್ಪಗಾಗುವ ಈಗಿನವರ ಜಾತಿ ನನ್ನದಲ್ಲ, ಹೆಮ್ಮೆಯಿಂದಲೇ ಹೇಳುತ್ತೇನೆ. ಕಾರ್ಖಾನೆಯಲ್ಲಿ ಬಿಳಿ ಬಣ್ಣ ಬಳಿಸಿಕೊಂಡು ಹುಟ್ಟಿದೆ, ಧಾರವಾಡದ ಡಾಕ್ಟರೊಬ್ಬರ ಮನೆಯಲ್ಲಿ ಮೆರೆದೆ. ಆಗ ಹೆದ್ದಾರಿಯಲ್ಲಿ ನನ್ನನ್ನು ಹಿಂದೆ ಹಾಕುವವರೇ ಇರಲಿಲ್ಲ.

ಆಮೇಲೆ ಗದಗಿನ ಹುಸೇನಸಾಬರ ಡ್ರೈವಿಂಗ್ ಸ್ಕೂಲಿಗೆ ಬಂದೆ. ಅಲ್ಲಿ ದಿನವಿಡೀ ಒಂದನೇ ಗೇರು, ಎರಡನೇ ಗೇರು, ಆಮೆ ನಡಿಗೆ. ಓಟವಿಲ್ಲದ ಎಂಜಿನ್ನಿನ ಹೊಟ್ಟೆಯಲ್ಲಿ ಮಸಿ ಕಟ್ಟದೆ ಇನ್ನೇನಾದೀತು? ಬಿಸಿಯೇರಿದಾಗ ಆ ಮಸಿ ಕೆಂಡವಾಗುತ್ತಿತ್ತು. ಕೀಲಿ ತಿರುವಿದರೆ ನಿಲ್ಲುವುದು ಪ್ಲಗ್ಗಿನ ಕಿಡಿ ಮಾತ್ರ. ಕಾರ್ಬುರೇಟರಿನಿಂದ ಬರುವ ಪೆಟ್ರೋಲು ಕೆಂಡಕ್ಕೆ ತಾಗಿ ತಾನೇ ಹೊತ್ತಿಕೊಳ್ಳುತ್ತಿತ್ತು. ಹಾಗಾಗಿ ಕೀಲಿ ತೆಗೆದ ಮೇಲೂ ನಿಂತಲ್ಲೇ ನನ್ನ ಎಂಜಿನ್ ಗಡಗಡ ನಡುಗುತ್ತ ಓಡುತ್ತಲೇ ಇರುತ್ತಿತ್ತು.

ಅಲ್ಲಿಗೆ ಕಲಿಯಲು ಬಂದವಳು ನೀಲಾಂಬಿಕಾ. ಗಂಡ ಸೊಂಟ ಮುರಿದುಕೊಂಡು ಮಲಗಿದ್ದ. ತರಕಾರಿ ಸಾಗಿಸುವ ಟೆಂಪೊ ಮನೆ ಮುಂದೆ ಸುಮ್ಮನೆ ನಿಂತಿತ್ತು. ಲೈಸೆನ್ಸ್ ಸಿಕ್ಕರೆ ಅದನ್ನು ಅವಳೇ ಓಡಿಸಬಹುದು, ಇಲ್ಲವಾದರೆ ಮಾರಬೇಕು. ಅವಳದೊಂದೇ ತಪ್ಪು: ಕ್ಲಚ್ ಮೇಲಿನ ಕಾಲನ್ನು ಗಪ್ಪನೆ ಎತ್ತಿಬಿಡುತ್ತಿದ್ದಳು. ನಾನು ಜಿಗಿದು ಬಂದ್ ಬೀಳುತ್ತಿದ್ದೆ.

“ಮೆಲ್ಲಕ ಬಿಡ್ರಿ ಅಕ್ಕಾರ, ಕಾಲಾಗಿನ ಚಪ್ಪಲಿ ಝಾಡಿಸಿದಂಗ ಮಾಡ್ತೀರಲ್ಲ,” ಎಂದು ಹುಸೇನಸಾಬರು ದಿನಾ ಗದರುತ್ತಿದ್ದರು.

ಪರೀಕ್ಷೆಯ ದಿನ ಸುಡುಬಿಸಿಲು. ನೀಲಾಂಬಿಕಾ ಚೆನ್ನಾಗಿಯೇ ಓಡಿಸಿದಳು. ಪಕ್ಕದಲ್ಲಿ ಕುಳಿತ ಇನ್‌ಸ್ಪೆಕ್ಟರ್ ಸಾಹೇಬರು, “ಸಾಕು, ಬಂದ್ ಮಾಡ್ರಿ,” ಎಂದರು. ಅವಳು ಕೀಲಿ ತಿರುವಿದಳು. ನನ್ನ ಎಂಜಿನ್ ನಿಲ್ಲಲಿಲ್ಲ.

“ಬಂದ್ ಮಾಡ್ರಿ ಅಂದ್ನೆಲ್ಲ ಬಾಯಾರ?”

ಅವಳು ಕೀಲಿಯನ್ನೇ ಕಿತ್ತು ತೋರಿಸಿದಳು. “ಮಾಡೇನ್ರಿ ಸಾಹೇಬ್ರ. ಇದ ಕೇಳವಲ್ದು.”

“ಗಾಡಿ ನಿಮ್ಮ ಮಾತ ಕೇಳಲಿಲ್ಲಂದ್ರ ಲೈಸೆನ್ಸ್ ಹೆಂಗ ಕೊಡ್ಲಿ?”

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ಅವಳಿಗಾಗಿ ನಿಂತುಬಿಡೋಣವೆಂದು ನಾನೂ ಹವಣಿಸಿದೆ. ಆದರೆ ಹೊಟ್ಟೆಯ ಕೆಂಡ ನನ್ನ ಮಾತನ್ನೂ ಕೇಳುತ್ತಿರಲಿಲ್ಲ.

ನನ್ನನ್ನು ಬಂದ್ ಬೀಳಿಸುವುದರಲ್ಲಿ ಅವಳಷ್ಟು ಪಳಗಿದವರು ಊರಲ್ಲೇ ಇರಲಿಲ್ಲ. ಬ್ರೇಕ್ ಒತ್ತಿ ಹಿಡಿದು, ಗೇರು ಹಾಕಿ, ಕ್ಲಚ್ ಗಪ್ಪನೆ ಬಿಟ್ಟಳು. ನಾನು ಒಮ್ಮೆ ಮುಗ್ಗರಿಸಿ ಸುಮ್ಮನಾದೆ.

“ಇದನ್ನ ಯಾರ ಕಲಿಸಿದ್ರು?” ಸಾಹೇಬರಿಗೆ ನಗು ತಡೆಯಲಾಗಲಿಲ್ಲ.

“ಬೈಸ್ಕೊಂಡ ಕಲ್ತೇನ್ರಿ.”

ಸಾಹೇಬರು ಸಹಿ ಹಾಕಿದರು.

ಈಗ ನಾನು ಗುಜರಿಯ ಮೂಲೆಯಲ್ಲಿದ್ದೇನೆ. ಇಲ್ಲಿಗೆ ಹಗ್ಗ ಕಟ್ಟಿ ನನ್ನನ್ನು ಎಳೆದು ತಂದದ್ದು ನೀಲಾಂಬಿಕಾಳ ಟೆಂಪೊ, ಓಡಿಸಿದವಳೂ ಅವಳೇ. ಬಜಾರಿನಲ್ಲಿ ಲಾರಿಯವರೇ ಅವಳಿಗೆ ದಾರಿ ಬಿಟ್ಟರು. ನೋಡಿ ನನ್ನ ಎದೆ ಉಬ್ಬಿತು.

“ಎಲ್ಲಿಂದ ತಂದ್ರಿ ಈ ಡಬ್ಬಿ?” ಎಂದ ಗುಜರಿಯವನು.

ಅವಳು ಹಗ್ಗ ಬಿಚ್ಚುತ್ತಲೇ ಹೇಳಿದಳು: “ಡಬ್ಬಿ ಅನಬ್ಯಾಡಪಾ. ನಾ ಕಲ್ತ ಸಾಲಿ ಅದು.”