ಸಿಡಿಲಕ್ಕನ ಪಾದ

ಮುಖ ಬರೆಯಬಲ್ಲವನಿಗೆ ಕಾಲೇನು ಮಹಾ ಎಂದು ನೀವು ಕೇಳಬಹುದು. ಗೆರೆಮಾವನನ್ನು ಕೇಳಿ ನೋಡಿ. ವಾರಪತ್ರಿಕೆಯ ಕೊನೆಯ ಪುಟದಲ್ಲಿ ವರ್ಷಗಟ್ಟಲೆಯಿಂದ ಸಿಡಿಲಕ್ಕ ಎಂಬ ಶೂರಳ ಕಾಮಿಕ್ಸ್ ಬರೆಯುತ್ತಿರುವ ಈ ವ್ಯಂಗ್ಯಚಿತ್ರಕಾರನಿಗೆ ಮೂಗು, ಮುಷ್ಟಿ, ಸಿಟ್ಟು, ಸಂಶಯ ಎಲ್ಲವೂ ನೀರು ಕುಡಿದಷ್ಟು ಸಲೀಸು. ಪಾದ ಮಾತ್ರ ಬಾರದು. ಒಂದು ಇಸ್ತ್ರಿಪೆಟ್ಟಿಗೆಯಾದರೆ ಇನ್ನೊಂದು ಬದನೆಕಾಯಿಯಾಗುತ್ತಿತ್ತು. ಹಾಗಾಗಿ ಸಿಡಿಲಕ್ಕ ನಿಂತಲ್ಲೆಲ್ಲ ಮೊಣಕಾಲಿನ ಕೆಳಗೆ ಧೂಳು ಎಬ್ಬಿಸಿಬಿಡುತ್ತಿದ್ದ.

ಧೂಳಿಗೆ ನೆಪವೂ ಇತ್ತೆನ್ನಿ. ಟೀವಿಯ ಕಾರ್ಟೂನ್ ಶೂರರೆಂದರೆ ಅವನಿಗೆ ಪ್ರಾಣ, ಒಂದು ಕಂತೂ ಬಿಡುತ್ತಿರಲಿಲ್ಲ. ಆದರೂ ಗೊಣಗುವುದು ತಪ್ಪದು. "ನೋಡೇ, ಅರ್ಧ ಊರು ಕೆಡವಿ ಹಾರಿಹೋದ. ಗುಡಿಸೋರ್ಯಾರು, ಇವನಜ್ಜಿನಾ?" ಎಂದು ಹೆಂಡತಿಯನ್ನು ಕೇಳುತ್ತಿದ್ದ. ಅದಕ್ಕೇ ಅವನ ಸಿಡಿಲಕ್ಕ ಕೇಡಿಯನ್ನು ಬಡಿದ ಮೇಲೆ ಪೊರಕೆ ಹಿಡಿದು ಬೀದಿ ಗುಡಿಸಿಯೇ ಮನೆಗೆ ಹೋಗುವವಳು. ಗುಡಿಸಿದರೆ ಧೂಳು ಏಳದಿರುತ್ತದೆಯೇ?

"ಕುಣಿಯಲಾರದವಳಿಗೆ ನೆಲ ಡೊಂಕು," ಎನ್ನುತ್ತಿದ್ದಳು ಹೆಂಡತಿ.

ಅಭಿಮಾನಿಗಳಿಗೆ ಈ ಗುಟ್ಟು ಗೊತ್ತಿಲ್ಲ. ಸಿಡಿಲಕ್ಕನಿಗೆ ಪಾದವೇ ಇಲ್ಲ, ತೇಲುತ್ತಾಳೆ ಎಂಬುದು ಒಂದು ಪಂಗಡ. ಇದೆ, ಆದರೆ ಶಾಪದಿಂದ ಕಾಣದು ಎಂಬುದು ಇನ್ನೊಂದು. ಎರಡೂ ಪಂಗಡ ಹಾವು ಮುಂಗುಸಿ. ಗೆರೆಮಾವ ಇಬ್ಬರಿಗೂ "ಹೂಂ" ಎಂದು ತಲೆಯಾಡಿಸುತ್ತಿದ್ದ. ತಾನು ಬರೆಯದೆ ಬಿಟ್ಟಿದ್ದಕ್ಕೂ ಇಷ್ಟು ತಲೆ ಕೆಡಿಸಿಕೊಳ್ಳುವ ಜನರನ್ನು ಕಂಡರೆ ಅವನಿಗೆ ಅಕ್ಕರೆ ಉಕ್ಕುತ್ತಿತ್ತು.

ಹೀಗಿರುವಾಗ ಸಿಡಿಲಕ್ಕನನ್ನು ಟೀವಿಗೆ ತರಲು ಹೊರಟ ಅನಿಮೇಶನ್ ಸ್ಟುಡಿಯೋದ ನಿರ್ದೇಶಕಿ ಮನೆಗೆ ಬಂದಳು. "ಸರ್, ಟೀವಿಯಲ್ಲಿ ಸಿಡಿಲಕ್ಕ ನಡೀಬೇಕು. ಪ್ರತಿ ಹೆಜ್ಜೆಗೂ ಧೂಳು ಎಬ್ಬಿಸಿದ್ರೆ ನೋಡೋರು ಕೆಮ್ತಾರೆ. ಅಡಿಯಿಂದ ಮುಡಿವರೆಗೆ ಒಂದು ಚಿತ್ರ ಕೊಡಿ. ಕಷ್ಟ ಆದ್ರೆ ಬಿಡಿ, ನಮ್ಮೋರೇ ಬರೀತಾರೆ." ಅವರು ಬರೆದ ಮಾದರಿಯನ್ನೂ ತೋರಿಸಿದಳು. ಸಿಡಿಲಕ್ಕ ಎತ್ತರದ ಹಿಮ್ಮಡಿಯ ಕೆಂಪು ಬೂಟು ಮೆಟ್ಟಿ ನಿಂತಿದ್ದಳು.

ಗೆರೆಮಾವ ಆ ಬೂಟನ್ನೇ ದುರುಗುಟ್ಟಿ ನೋಡಿದ. ಇದನ್ನು ಮೆಟ್ಟಿಕೊಂಡು ಬೀದಿ ಗುಡಿಸಿದರೆ ಸೊಂಟ ಉಳಿಯುತ್ತದೆಯೇ? ಹೆತ್ತ ಮಗಳನ್ನು ಯಾರೋ ಅಲಂಕರಿಸಿ ಕರೆದೊಯ್ದಂತೆ ಸಂಕಟವಾಯಿತು. ಪಾದ ಬಾರದಿದ್ದರೆ ಸಿಡಿಲಕ್ಕ ಇನ್ನು ತನ್ನವಳಲ್ಲ. ಅಂದಿನಿಂದ ಕೂತಲ್ಲಿ ನಿಂತಲ್ಲಿ ಬರೆದ, ಹರಿದ. ಕಸದ ಬುಟ್ಟಿ ತುಂಬಾ ಬದನೆಕಾಯಿ.

ಒಂದು ಸಂಜೆ ಹೆಂಡತಿ ಕೆಲಸದಿಂದ ಬಂದು ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟು ಕೂತಳು. ಅವಳು ಆಸ್ಪತ್ರೆಯ ನರ್ಸು, ದಿನವಿಡೀ ನಿಂತೇ ಕೆಲಸ.

"ಎರಡು ಕಾಲಿಗೆ ಇಷ್ಟು ರಂಪಾನಾ? ಎದುರಿಗೇ ಒಂದು ಜೊತೆ ಇದೆಯಲ್ಲ, ನೋಡ್ಕೊಂಡು ಬರೀರಿ," ಎಂದು ಪಾದಗಳನ್ನೆತ್ತಿ ಟವೆಲ್ಲಿನ ಮೇಲಿಟ್ಟಳು.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗಾಗಿತ್ತು. ಇವಳ ಮುಖವನ್ನು ಸಾವಿರ ಸಲ ಬರೆದವನು ಪಾದವನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಒಡೆದ ಹಿಮ್ಮಡಿ, ಹೆಬ್ಬೆರಳ ಪಕ್ಕ ಉಬ್ಬಿದ ಗಂಟು, ನೆರೆಯ ಬೆರಳ ಮೇಲೆ ಹತ್ತಿ ಕೂತ ಕಿರುಬೆರಳು. ಅವನಿಗೆ ನಾಚಿಕೆಯೂ ಆಯಿತು, ಮುದ್ದೂ ಬಂತು. ಪೆನ್ಸಿಲ್ಲು ತಡೆಯಿಲ್ಲದೆ ಓಡಿತು.

ಚಿತ್ರ ನೋಡಿ ಹೆಂಡತಿ ಹೌಹಾರಿದಳು. "ಅಯ್ಯೋ, ನನ್ನ ಹಿಮ್ಮಡೀನ ಊರಿಗೆಲ್ಲ ತೋರಿಸ್ತೀರಾ? ಬೂಟಾದ್ರೂ ಹಾಕ್ರೀ!"

"ಹಾಕಲ್ಲ ಕಣೇ. ಇದು ಸಿಡಿಲಕ್ಕನ ಕಾಲೇ."

ಅವಳು ಮುಖ ಊದಿಸಿಕೊಂಡು ಮಲಗಿದಳು. ನಿರ್ದೇಶಕಿಯೂ ಮೂಗು ಮುರಿದಳು. ಕೊನೆಗೆ, "ಭಾನುವಾರ ಅಭಿಮಾನಿಗಳ ಕೂಟದಲ್ಲಿ ಎರಡೂ ತೋರಿಸೋಣ. ಅವರು ಒಪ್ಪಿದ್ದೇ ಆಯ್ತು," ಎಂದಳು.

ಗ್ರಂಥಾಲಯದ ಸಭಾಂಗಣ ಕಿಕ್ಕಿರಿದಿತ್ತು. ಕಾರ್ಟೂನ್ ಶೂರರಂತೆ ಹೊದಿಕೆಯನ್ನೇ ಬೆನ್ನಿಗೆ ಕಟ್ಟಿಕೊಂಡ ಗುಮಾಸ್ತರು, ಪೊರಕೆ ಹಿಡಿದ ಅಜ್ಜಂದಿರು. ಬರುವುದೇ ಇಲ್ಲ ಎಂದಿದ್ದ ಹೆಂಡತಿ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಪರದೆಯ ಮೇಲೆ ಮೊದಲು ಕೆಂಪು ಬೂಟು ಬಂತು. ಚಪ್ಪಾಳೆ, ಸಿಳ್ಳೆ.

ಆಮೇಲೆ ಬರಿಗಾಲು. ತೇಲುವ ಪಂಗಡ ಶಾಪದ ಪಂಗಡದ ಮುಖ ನೋಡಿತು. ಇಬ್ಬರೂ ಸೋತಿದ್ದರು.

ಗಡ್ಡದ ಬಸ್ ಕಂಡಕ್ಟರೊಬ್ಬ ಎದ್ದು ನಿಂತ. "ಏನ್ರೀ ಇದು, ನನ್ನ ಕಾಲನ್ನ ಯಾವಾಗ ನೋಡಿದ್ರಿ?" ಎಂದವನೇ ಬೂಟು ಕಳಚಿ ಪಾದವನ್ನು ಕುರ್ಚಿಯ ಮೇಲಿಟ್ಟ. ಪಕ್ಕದ ಹೋಟೆಲ್ ಮಾಣಿ, "ಅದೇನು ಮಹಾ, ನಂದು ನೋಡಿ!" ಎಂದ. ಒಬ್ಬ ಟೀಚರಮ್ಮ ತನ್ನ ಗಂಟು ತೋರಿಸಿದಳು. ನೋಡನೋಡುತ್ತಲೇ ಸಭೆಯೆಲ್ಲ ಬರಿಗಾಲು. ಕಾಲುಚೀಲಗಳ ವಾಸನೆಗೆ ಗ್ರಂಥಪಾಲಕ ಓಡಿಬಂದು ಕಿಟಕಿ ತೆರೆದ. ನಿರ್ದೇಶಕಿ ತನ್ನ ಎತ್ತರದ ಚಪ್ಪಲಿ ಬಿಟ್ಟು, ಹಿಮ್ಮಡಿ ಉಜ್ಜಿಕೊಳ್ಳುತ್ತ, "ಆಯ್ತು, ಬರಿಗಾಲೇ ಇರ್ಲಿ," ಎಂದಳು.

ಗೆರೆಮಾವ ಹಸ್ತಾಕ್ಷರ ಹಾಕಲು ಪೆನ್ನು ತೆಗೆದ. ಒಬ್ಬರೂ ಹತ್ತಿರ ಸುಳಿಯಲಿಲ್ಲ. ಜನವೆಲ್ಲ ಹಿಂದಿನ ಸಾಲಿನ ಸುತ್ತ ಮುತ್ತಿಕೊಂಡಿತ್ತು. ನಡುವೆ ಅವನ ಹೆಂಡತಿ ಎದುರಿನ ಕುರ್ಚಿಯ ಮೇಲೆ ಎರಡೂ ಕಾಲು ನೀಡಿ ಕೂತು ಗತ್ತಿನಿಂದ ಹೇಳುತ್ತಿದ್ದಳು: "ಹೂಂ, ಇದೇ ಆ ಕಾಲು. ನೋಡಿ, ಆದ್ರೆ ಗಂಟು ಮಾತ್ರ ಮುಟ್ಬೇಡಿ, ನೋಯುತ್ತೆ."