ಎಕ್ಸ್‌ಪ್ರೆಸ್ ನಿಂತ ವಾರ

ನಮ್ಮ ಯಜಮಾನರ ಮೂತ್ರದಲ್ಲಿ ರಕ್ತವೂ ಪ್ರೋಟೀನೂ ಕಂಡಿವೆ ಎಂದು ಡಿಪೋದ ಡಾಕ್ಟರಮ್ಮ ಹೇಳಿದಾಗ ನಾನು ಅವರ ಪಕ್ಕದಲ್ಲೇ ಕೂತಿದ್ದೆ.

ಅವರು ಸಿಟಿ ಬಸ್ ಡ್ರೈವರು. ಹೋದ ವರ್ಷದ ತಪಾಸಣೆಯಲ್ಲಿ ಸಕ್ಕರೆ ಅಂಚಿಗೆ ಬಂದು ನಿಂತಿತ್ತು. ಮುಂದಿನ ವರ್ಷ ಅದು ಮಿತಿ ದಾಟಿದರೆ ಸ್ಟೇರಿಂಗ್ ಬಿಟ್ಟು ಡಿಪೋದ ಗೇಟಿನಲ್ಲಿ ಕೂರಬೇಕಾಗುತ್ತದೆ ಎಂದು ಡಾಕ್ಟರಮ್ಮ ಆಗಲೇ ಎಚ್ಚರಿಸಿದ್ದರು. ಮನೆಗೆ ಬಂದು ಇವರು ಹೇಳಿದ್ದು ಒಂದೇ ಮಾತು: "ಬೇರೆಯವರು ಬಸ್ ಓಡಿಸೋದನ್ನ ನೋಡ್ಕೊಂಡು ಕೂರೋಕೆ ನನ್ನಿಂದ ಆಗಲ್ಲ ಕಣೆ."

ಮಾರನೆಯ ದಿನವೇ ಓಡತೊಡಗಿದರು. ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತರು. ಬಿದ್ದರೆ ಎತ್ತುವವರು ಯಾರು ಎಂದು ನಾನೂ ನನ್ನ ಹೊಲಿಗೆ ಅಂಗಡಿಯ ಮಿಷನ್ನು ಬಿಟ್ಟು ಬೆನ್ನು ಹತ್ತಿದೆ. ಅದೇ ದಾರಿಯಲ್ಲಿ ಓಡುವ ಕಟಿಂಗ್ ಶಾಪಿನವನು ಇವರಿಗೆ 'ಎಕ್ಸ್‌ಪ್ರೆಸ್' ಎಂದು ಹೆಸರಿಟ್ಟ. "ಏನ್ ಎಕ್ಸ್‌ಪ್ರೆಸ್, ಇವತ್ತು ಎಲ್ಲೆಲ್ಲಿ ಸ್ಟಾಪು?" ಎಂದು ರೇಗಿಸುತ್ತಲೇ ಜೊತೆಗೂಡಿದ.

ವರ್ಷ ಕಳೆಯುವ ಹೊತ್ತಿಗೆ ಹಳೇ ಸೇತುವೆ ದಾಟಿ ಊರ ಹೊರಗಿನವರೆಗೂ ಹೋಗಿ ಬರುತ್ತಿದ್ದೆವು. ಅವರ ಪ್ಯಾಂಟಿನ ಸೊಂಟವನ್ನು ನಾನೇ ಮತ್ತೆ ಮತ್ತೆ ಹಿಡಿದು ಹೊಲಿದೆ. ಜನ ನನ್ನನ್ನೂ ಓಟಗಾರ್ತಿ ಎಂದರು. ನಾನು ಓಡಿದ್ದು ಮಾತ್ರ ಅವರ ಉಸಿರಾಟಕ್ಕೆ ಕಿವಿಗೊಟ್ಟುಕೊಂಡು. ಅದು ಸ್ವಲ್ಪ ಎಳೆದರೆ ಸಾಕು, ಅಂಗಿ ಹಿಡಿದು ನಿಲ್ಲಿಸುತ್ತಿದ್ದೆ.

ಎಡವಟ್ಟಾದದ್ದು ತಪಾಸಣೆಯ ಹಿಂದಿನ ದಿನ. "ನಾಳೆ ರಕ್ತ ಕೊಡೋದಲ್ವಾ, ಇವತ್ತು ಚೆನ್ನಾಗಿ ಉರಿಸ್ಬಿಡಿ. ಸಕ್ಕರೆ ಅನ್ನೋದು ಹುಡುಕಿದ್ರೂ ಸಿಗಬಾರದು" ಎಂದು ಕಟಿಂಗ್ ಶಾಪಿನವನು ಹುರಿದುಂಬಿಸಿದ. ನಾನು ಗಿರಾಕಿಗಳ ನಡುವೆ ಸಿಕ್ಕಿಕೊಂಡಿದ್ದಾಗ, ಸುಡುಬಿಸಿಲಿನಲ್ಲಿ ಇಬ್ಬರೂ ಹಿಂದೆಂದೂ ಹೋಗದಷ್ಟು ದೂರ ಓಡಿ ಬಂದರು.

"ನಿನ್ನೆ ಏನಾದ್ರೂ ಭಾರದ ಕೆಲಸ ಮಾಡಿದ್ರಾ?" ಮಾರನೆಯ ದಿನ ಮೂತ್ರದ ವರದಿ ಹಿಡಿದು ಡಾಕ್ಟರಮ್ಮ ಕೇಳಿದರು.

"ಇಲ್ಲ ಮೇಡಂ, ಸ್ವಲ್ಪ ಓಡಿದೆ."

"ಸ್ವಲ್ಪ ಅಂದ್ರೆ?"

ಇವರು ಹೇಳಿದರು. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಪರೀಕ್ಷೆಗೆ ಎಲ್ರೂ ಖಾಲಿ ಹೊಟ್ಟೇಲಿ ಬರ್ತಾರೆ, ನೀವು ಕಿಡ್ನಿ ಹಿಂಡ್ಕೊಂಡು ಬಂದಿದ್ದೀರಿ! ಇದು ಓಟದಿಂದಲೂ ಆಗಿರಬಹುದು, ಕಿಡ್ನಿಯ ತೊಂದರೆಯೂ ಇರಬಹುದು. ಒಂದು ವಾರ ಓಡೋ ಹಾಗಿಲ್ಲ, ನಡೀರಿ ಸಾಕು. ಆಮೇಲೆ ಸಕ್ಕರೆ ಸಮೇತ ಎಲ್ಲಾ ಮೊದಲಿಂದ ನೋಡ್ತೀನಿ. ಅಲ್ಲೀವರೆಗೆ ಬಸ್ ಮುಟ್ಟಬೇಡಿ."

ಓಡಿದರೆ ಮೂತ್ರ ಕೆಡುತ್ತದೆ, ಓಡದಿದ್ದರೆ ಸಕ್ಕರೆ ಏರುತ್ತದೆ. ಅಡಕತ್ತರಿಯಲ್ಲಿ ಸಿಕ್ಕಿಕೊಂಡೆವು. ಇವರು ಬಚ್ಚಲಿಗೆ ಹೋದಾಗಲೆಲ್ಲ ಒಳಗಿಂದಲೇ ಕೂಗುತ್ತಿದ್ದರು: "ಬಣ್ಣ ಪರವಾಗಿಲ್ಲ ಕಣೆ!" ಮಗ್ಗುಲ ಮನೆಯವರು ಗೋಡೆಗೆ ಬಣ್ಣ ಹೊಡೆಸುತ್ತಿದ್ದೀರಾ ಎಂದು ಕೇಳಿದರು. ಕಟಿಂಗ್ ಶಾಪಿನವನು ಮುಖ ಸಣ್ಣಗೆ ಮಾಡಿಕೊಂಡು ಬಾಗಿಲಲ್ಲಿ ನಿಂತ.

"ಅಕ್ಕಾ, ಒಳ್ಳೇದಕ್ಕೇ ಹೇಳಿದ್ದು."

"ತಲೆಕೂದಲಿನ ವಿಷ್ಯ ನಿಂಗೆ ಬಿಟ್ಟಿದ್ದೀನಪ್ಪಾ. ಕುತ್ತಿಗೆಯಿಂದ ಕೆಳಗಿಂದು ನನಗೆ ಬಿಡು" ಎಂದೆ. ಪಾಪ, ಅವನೂ ಆ ವಾರ ಓಡಲಿಲ್ಲ.

ವಾರ ಮುಗಿಯುತ್ತಾ ಬಂದಾಗ ಒಂದು ಬೆಳಿಗ್ಗೆ ಎದ್ದು ನೋಡಿದರೆ ಇವರಿಲ್ಲ. ಶೂಗಳೂ ಇಲ್ಲ. ಸೇತುವೆಯ ಕಡೆಗೆ ಓಡಿದೆ. ಇಡೀ ವರ್ಷದಲ್ಲಿ ನಾನು ಹಾಗೆ ಓಡಿರಲಿಲ್ಲ. ಸೇತುವೆಯ ಕಟ್ಟೆಯ ಮೇಲೆ ಕೂತು ಅವರು ಓಡುವವರನ್ನು ನೋಡುತ್ತಿದ್ದರು.

"ನಡ್ಕೊಂಡೇ ಬಂದೆ. ಬೇಕಾದ್ರೆ ಮುಟ್ಟಿ ನೋಡು."

ಅಂಗಿಯೊಳಗೆ ಕೈ ಹಾಕಿ ಬೆನ್ನು ಮುಟ್ಟಿದೆ. ಒಣಗಿತ್ತು. ಬೆವರು ಸುರಿಯುತ್ತಿದ್ದುದು ನನಗೆ.

"ಕಿಡ್ನಿನೇ ಹೋಗಿದ್ರೆ ಏನೇ ಮಾಡೋದು?" ಎಂದರು ಮೆಲ್ಲಗೆ. ಒಂದು ವಾರ ನುಂಗಿಕೊಂಡಿದ್ದ ಮಾತು. ಕೈ ಹಿಡಿದುಕೊಂಡು ನಿಧಾನವಾಗಿ ಮನೆಗೆ ನಡೆಸಿಕೊಂಡು ಬಂದೆ.

ಎರಡನೆಯ ಪರೀಕ್ಷೆಯಲ್ಲಿ ಮೂತ್ರ ಶುದ್ಧವಾಗಿತ್ತು. ಸಕ್ಕರೆ ಮಿತಿಯ ಈಚೆಗೇ ಇತ್ತು, ಆದರೆ ಕೂದಲೆಳೆಯಷ್ಟೇ. "ಬಸ್ ಓಡಿಸಿ" ಎಂದರು ಡಾಕ್ಟರಮ್ಮ. "ಆದ್ರೆ ನೀವು ಓಡೋದನ್ನ ಬಿಟ್ರೆ ಮುಂದಿನ ವರ್ಷ ನಾನು ಹೀಗೆ ಹೇಳೋದು ಕಷ್ಟ."

ನಿಟ್ಟುಸಿರು ಬಿಡುವಷ್ಟರಲ್ಲಿ ಡಿಪೋದವರು ಬೆಳಗಿನ ಮೊದಲ ಬಸ್ಸಿನ ಪಾಳಿ ಹಾಕಿದರು. ಬೆಳಿಗ್ಗೆ ಓಡುವ ಮಾತೇ ಇಲ್ಲ.

"ಸಂಜೆ ಓಡ್ತೀನಿ ಬಿಡು" ಎಂದರು.

"ಸಂಜೆ ನನಗೆ ಗಿರಾಕಿಗಳು ಬರೋ ಹೊತ್ತು ರೀ."

"ನೀನ್ಯಾಕೆ? ಈಗ ಎಲ್ಲಾ ಸರಿ ಇದೆಯಲ್ಲ, ನಾನೊಬ್ನೇ ಹೋಗ್ತೀನಿ."

ಕೂದಲೆಳೆಯ ಅಂತರವನ್ನು ಎಲ್ಲಾ ಸರಿ ಎನ್ನುವ ಮನುಷ್ಯನನ್ನು ಒಬ್ಬನೇ ಹೇಗೆ ಕಳಿಸಲಿ? ಸಂಜೆ ಅಂಗಡಿಯ ಬಾಗಿಲೆಳೆದು ಚಿಲಕ ಹಾಕುವಾಗ ಒಬ್ಬಾಕೆ ರವಿಕೆ ಬಟ್ಟೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು.

"ಒಂದು ಗಂಟೆ ಬಿಟ್ಟು ಬಾರಮ್ಮ" ಎಂದು ಹೇಳಿ, ಆಗಲೇ ಬೀದಿಯ ಕೊನೆ ಮುಟ್ಟಿದ್ದ ಇವರ ಹಿಂದೆ ಓಡಿದೆ.