ರಂಗೋಲಿ ದಾಟುವ ಕಾಲು

ಥೂ! ಆ ಡೈಪರ್ ಪ್ಯಾಕೆಟ್ ಕಂಡಾಗಲೆಲ್ಲ ಗಿರಿಜಾಬಾಯಿ ಮುಖ ತಿರುಗಿಸುತ್ತಿದ್ದಳು. ಅದರ ಮೇಲೆ ಹಲ್ಲು ಕಿರಿಯುತ್ತ ನಿಂತ ಮುದುಕನ ಚಿತ್ರ ಬೇರೆ. ಯಾವ ಸಂಭ್ರಮಕ್ಕೆ ಕಿರಿಯುತ್ತಾನೋ! ಮಗ ಶಿವಪ್ರಕಾಶ ಅದನ್ನು ತಂದು ಅಪ್ಪನ ಮಂಚದ ಕೆಳಗೆ ತಳ್ಳಿ, "ಇನ್ನ ಬಚ್ಚಲಕ್ಕ ಅಡ್ಡಾಡೋ ನಾಟಕ ಬಂದ್" ಎಂದಿದ್ದ.

ಗಂಡ ಶಾಂತಪ್ಪನಿಗೆ ಪಾರ್ಕಿನ್ಸನ್ಸ್. ಬೇಗಂ ಬಜಾರಿನಲ್ಲಿ ಜೀವಮಾನವಿಡೀ ಸ್ಟೀಲ್ ಪಾತ್ರೆ ಮಾರಿದ ಮನುಷ್ಯ ಈಗ ನಡೆಯುತ್ತ ನಡೆಯುತ್ತ ಥಟ್ಟನೆ ನಿಂತುಬಿಡುತ್ತಿದ್ದ. ಕಾಲಿಗೆ ಶಕ್ತಿಯಿದೆ, ಮೆದುಳಿನ ಅಪ್ಪಣೆ ಅಲ್ಲಿಗೆ ಮುಟ್ಟುತ್ತಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಶಿವಪ್ರಕಾಶ ಅಲ್ಲಿ ಗಂಭೀರವಾಗಿ ತಲೆಯಾಡಿಸಿ ಬಂದ. ಮನೆಯಲ್ಲಿ, "ಒಮ್ಮೆ ನಡೀತಾನ, ಒಮ್ಮೆ ನಿಂದ್ರತಾನ. ರೋಗ ಅಲ್ಲಬೇ ಇದು, ಸೊಕ್ಕು" ಎಂದ. ಓದಿದವನ ಮಾತು, ಕೇಳಿ!

ಹಳೆಯ ಬಾಡಿಗೆ ಮನೆಯ ಶಹಾಬಾದ್ ಕಲ್ಲಿನ ಸಂದುಗೆರೆ ದಾಟುತ್ತ ಶಾಂತಪ್ಪ ಹೇಗೋ ಓಡಾಡಿಕೊಂಡಿದ್ದ. ಮೆಹದಿಪಟ್ಟಣದ ಈ ಫ್ಲ್ಯಾಟಿನ ನೆಲವೋ, ಮುಖ ಕಾಣುವಷ್ಟು ಹೊಳಪು, ಹುಡುಕಿದರೂ ಒಂದು ಗೆರೆಯಿಲ್ಲ. ಇಲ್ಲಿಗೆ ಬಂದ ಮೇಲೆಯೇ ಕಾಲು ಪೂರಾ ಕಚ್ಚಿಕೊಂಡದ್ದು.

ಒಂದು ಬೆಳಿಗ್ಗೆ ಗಿರಿಜಾಬಾಯಿ ಅವನನ್ನು ಲಿಫ್ಟಿನ ಕಡೆಗೆ ಎಳೆದುಕೊಂಡು ಹೊರಟಿದ್ದಳು. ಕಾಲೆಳೆಯುತ್ತ ಬಂದವನು ಎದುರುಮನೆಯ ರಂಗೋಲಿ ಕಂಡದ್ದೇ ಪಾದವೆತ್ತಿ ದಾಟಿಬಿಟ್ಟ! ರಂಗೋಲಿ ತುಳಿದವರ ಮೇಲೆ ಜೀವನವಿಡೀ ಹರಿಹಾಯ್ದ ಮನುಷ್ಯ, ಅದನ್ನು ತಾನು ಹೇಗೆ ತುಳಿದಾನು? ಅವಳಿಗೆ ಹೊಳೆಯಿತು. ಮಂಚದಿಂದ ಹಾಲ್ ದಾಟಿ ಬಚ್ಚಲ ಬಾಗಿಲಿನವರೆಗೂ ಅಡ್ಡಡ್ಡ ರಂಗೋಲಿ ಗೆರೆ ಎಳೆದಳು. ಶಾಂತಪ್ಪ ಒಂದೊಂದನ್ನೇ ದಾಟಿ ಹೋದ, ದಾಟಿ ಬಂದ. "ನಾನ ಹೋಗಿಬಂದೆ ನೋಡಲೇ!" ಎಂದು ನಕ್ಕ. ಅವಳಿಗೆ ಅಳುವೇ ಬಂತು. ಪ್ಯಾಕೆಟ್ ಮಂಚದಡಿ ಧೂಳು ತಿನ್ನುತ್ತ ಬಿದ್ದಿತು.

ಆ ಭಾನುವಾರ ಮೊಮ್ಮಗಳು ಪಿಂಕಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಶಿವಪ್ರಕಾಶ ತಾನೇ ಒದ್ದೆ ಬಟ್ಟೆ ಹಿಡಿದು ಗೆರೆಗಳನ್ನೆಲ್ಲ ಒರೆಸತೊಡಗಿದ.

"ಒರಸಬ್ಯಾಡೋ! ನಿಮ್ಮಪ್ಪ ಬಚ್ಚಲಕ್ಕ ಹೆಂಗ ಹೋಗಬೇಕು?"

"ಪ್ಯಾಕೆಟ್ ಐತೆಲ್ಲ? ಕಟ್ಟಿ ಒಳಗ ಕುಂದರಸು. ಮನ್ಯಾಗ ರೋಗ ಐತಿ ಅಂದ್ರ ಯಾರು ಹೆಣ್ಣು ತಗೋತಾರ?"

ಅಂದರೆ ಇದು ರೋಗವೆಂದು ಅವನಿಗೆ ಮೊದಲೇ ಗೊತ್ತಿತ್ತು. ಗಿರಿಜಾಬಾಯಿಗೆ ತಾನು ಹೆತ್ತ ಮಗನ ಮೇಲೆಯೇ ಹೇಸಿಗೆ ಹುಟ್ಟಿತು.

"ನನಗ ಅದನ್ನ ಕಟ್ಟಬ್ಯಾಡಲೇ" ಎಂದು ಶಾಂತಪ್ಪ ಅವಳ ಸೆರಗು ಹಿಡಿದ. ಅವಳು ಕಟ್ಟಲಿಲ್ಲ.

ಬಂದವರು ಸೋಫಾದಲ್ಲಿ ಕೂತು ಚಹಾ ಕುಡಿಯುತ್ತಿದ್ದಾಗ ಶಾಂತಪ್ಪನಿಗೆ ತಡೆಯಲಾಗಲಿಲ್ಲ. ಗೋಡೆ ಹಿಡಿದು ಹೊರಬಂದವನು ಹಾಲಿನ ನಡುವೆ ಸಿಕ್ಕಿಬಿದ್ದ. ಮುಂದೆ ಬರೀ ಹೊಳಪು.

"ನಮ್ಮಪ್ಪಗ ಮಂದಿ ಕಂಡ್ರ ಹಿಂಗರಿ, ನಾಟಕ ಭಾಳ" ಎಂದು ಶಿವಪ್ರಕಾಶ ಹಲ್ಲು ಕಿರಿದ. ಬಂದವರೂ ಕಿರಿದರು. ಥೇಟ್ ಆ ಪ್ಯಾಕೆಟ್ಟಿನ ಮೇಲಿನ ನಗು. ಗಿರಿಜಾಬಾಯಿ ರಂಗೋಲಿ ಡಬ್ಬಿ ತರಲು ಒಳಗೆ ಓಡಿದಳು. ಬರುವಷ್ಟರಲ್ಲಿ ಪಾಯಿಜಾಮ ತೊಯ್ದು ಹೊಳೆಯುವ ನೆಲದ ಮೇಲೆ ಉಚ್ಚೆ ಹರಿದಿತ್ತು. ಗಂಡಿನ ತಾಯಿ ಮೂಗಿಗೆ ಸೆರಗು ಒತ್ತಿಕೊಂಡಳು.

ಗಿರಿಜಾಬಾಯಿ ಡಬ್ಬಿ ಕೆಳಗಿಟ್ಟಳು. ಮೂಲೆಯಲ್ಲಿದ್ದ ಅದೇ ಒದ್ದೆ ಬಟ್ಟೆಯನ್ನು ತಂದು ಮಗನ ಕಾಲ ಬಳಿ ಒಗೆದಳು.

"ಅವರಿಗೆ ಪಾರ್ಕಿನ್ಸನ್ಸ್ ಐತ್ರಿ, ನಾಟಕ ಅಲ್ಲ" ಎಂದು ಬಂದವರಿಗೆ ಹೇಳಿ, ಮಗನ ಕಡೆ ತಿರುಗಿದಳು. "ಮುಂಜಾನಿ ಭಾಳ ಚಂದ ಒರಸಿದೆಲ್ಲ? ಈಗೂ ಒರಸು."

ಮುಖ ಕೆಂಪಗೆ ಮಾಡಿಕೊಂಡು ಶಿವಪ್ರಕಾಶ ಮೊಣಕಾಲೂರಿದ. ಅಪ್ಪನ ಪಾದದ ಮುಂದೆ ಅಡ್ಡಲಾಗಿ ಕೈ ಚಾಚಿ ಒರೆಸತೊಡಗಿದ.

ಶಾಂತಪ್ಪ ಕೆಳಗೆ ನೋಡಿದ. ಪಾದ ಮೆಲ್ಲಗೆ ಮೇಲೆದ್ದಿತು. ಮಗನ ಕೈ ತುಳಿಯದಂತೆ, ಹುಷಾರಾಗಿ ದಾಟಿ, ಬಚ್ಚಲ ಕಡೆ ನಡೆದ.